ಜಗಳಕ್ಕೆ ಮುಂಚೆ ಒಂದು ಹಾಳೆ

ಇಚಲಕರಂಜಿಯಲ್ಲಿ ಮಗ್ಗ ನಡೆಸುವವರ ದನಿ ಮನೆಗೆ ಬಂದರೂ ಇಳಿಯುವುದಿಲ್ಲ. ದಿನವಿಡೀ ಪವರ್‌ಲೂಮಿನ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದ ನಾನು ಮನೆಯಲ್ಲಿ ಚಹಾ ಕೇಳಿದರೆ ಸಾಕು, ಜಗಳ ಶುರುವಾಯಿತೆಂದು ಪಕ್ಕದವರು ಕಿಟಕಿಗೆ ಬರುತ್ತಿದ್ದರು. ಇಷ್ಟು ದನಿಯಿದ್ದೂ ಹೆಂಡತಿಯೆದುರು ಒಂದು ವಾದವನ್ನೂ ಗೆದ್ದವನಲ್ಲ. ಅವಳು ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾಳೆ. ನಾನು ಅದಕ್ಕೆ ಉತ್ತರ ಕೊಡುವುದು ಬಿಟ್ಟು, ನಮ್ಮ ಮದುವೆಯಲ್ಲಿ ಅವಳ ಅಣ್ಣ ನನ್ನ ಚಪ್ಪಲಿ ಕಳೆದ ಕತೆಗೆ ಹೋಗಿ ಮುಟ್ಟುತ್ತೇನೆ.

ಹೋದ ವರ್ಷ ಅವಳು ಮನೆ ಬದಲಿಸೋಣ ಅಂದಳು. ನಮ್ಮ ಬಾಡಿಗೆ ಕೋಣೆ ಮಗ್ಗದ ಶೆಡ್ಡಿನ ಗೋಡೆಗೇ ಅಂಟಿಕೊಂಡಿತ್ತು. ಹಗಲೂ ರಾತ್ರಿಯೂ ಖಟಪಟ. ಹಲಗೆಯ ಮೇಲಿನ ಡಬ್ಬಿಗಳು ತಾವಾಗಿಯೇ ಸರಿದು ಬೀಳುತ್ತಿದ್ದವು. ಊರಂಚಿನಲ್ಲಿ ಶಾಂತವಾದ ಮನೆಯೊಂದನ್ನು ಅವಳು ನೋಡಿ ಬಂದಿದ್ದಳು. ಬೇಡ ಅಂದೆ. ಯಾಕೆ ಅಂದಳು. ಚಪ್ಪಲಿಯವರೆಗೆ ಹೋಗಿ ಮತ್ತೆ ಸೋತೆ, ಆದರೂ ಒಪ್ಪಲಿಲ್ಲ.

ಆಮೇಲೆ ಗಡಹಿಂಗ್ಲಜಕ್ಕೆ, ಅವಳ ತವರಿಗೆ ಹೋದಾಗ, ಚಪ್ಪಲಿ ಕಳೆದ ಆ ಅಣ್ಣನೇ ನನಗೊಂದು ಉಪಾಯ ಹೇಳಿದ. ಅವನು ಶಾಲಾ ಮಾಸ್ತರ; ತಂಗಿಯ ಗಂಡನಾದ ನನ್ನನ್ನು ಆ ಕಡೆಯ ರೂಢಿಯಂತೆ ದಾಜಿ ಅನ್ನುತ್ತಾನೆ.

“ದಾಜಿ, ನೀವು ಒದರತೀರಿ, ಮಾತಾಡೂದಿಲ್ಲ. ನಮ್ಮ ಸಾಲಿ ಹುಡುಗರು ಚರ್ಚಾಸ್ಪರ್ಧೆಗೆ ಹೋಗೂ ಮುಂಚೆ ಎಲ್ಲಾ ಬರಕೊಂಡ ಹೋಗತಾವ. ನೀವೂ ಬರೀರಿ. ಹಾಳಿಗೆ ಸಿಟ್ಟ ಬರೂದಿಲ್ಲ.”

“ನಿಮ್ಮ ತಂಗಿ ಗೆಲ್ಲಲಿ ಅಂತ ಹೇಳಾಕತ್ತಿಲ್ಲಲ್ಲ?”

“ಆಕಿ ಮುಂದ ನಾ ಸಣ್ಣಾಂವ ಇದ್ದಾಗಿಂದ ಸೋತೇನ್ರಿ. ನಾ ನಿಮ್ಮ ಕಡೆ!”

ಕಟ್ಟೆಯ ಮೇಲೆ ಕೂತು ಬರೆಯತೊಡಗಿದೆ. ಹೊಸ ಮನೆಯ ನಳಕ್ಕೆ ನೀರು ಬರುವುದಿಲ್ಲ ಎಂದು ಬರೆದೆ. ಈಗಿನ ಮನೆಗಾದರೂ ಎಲ್ಲಿ ಬರುತ್ತದೆ? ಹೊಡೆದುಹಾಕಿದೆ. ಕೆಲಸಕ್ಕೆ ದೂರ ಎಂದು ಬರೆದೆ. ಸೈಕಲ್ಲಿನಲ್ಲಿ ಹೋದರೆ ಒಂದು ಬೀಡಿ ಮುಗಿಯುವ ದಾರಿ. ಅದನ್ನೂ ಹೊಡೆದೆ. ಈಗಿನ ನೆರೆಯವರು ಬಹಳ ಒಳ್ಳೆಯವರು ಎಂದು ಬರೆದಾಗ ಕಿಟಕಿಯ ಮುಖಗಳು ನೆನಪಾಗಿ ನನಗೇ ನಗು ಬಂತು. ಒದರುವಾಗ ಅಷ್ಟು ಗಟ್ಟಿಯಾಗಿದ್ದ ಮಾತುಗಳಲ್ಲಿ ಒಂದೂ ಹಾಳೆಯ ಮೇಲೆ ನಿಲ್ಲಲಿಲ್ಲ. ಹಾಗಾದರೆ ನನಗೆ ಬೇಡವಾದದ್ದು ಏನು? ಹಿಂದಿನ ರಾತ್ರಿ ಅತ್ತೆಯ ಮನೆಯ ನಿಶ್ಶಬ್ದದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದು ಆಗ ನೆನಪಾಯಿತು. ಕೊನೆಗೆ ಒಂದೇ ಸಾಲು ಬರೆದೆ: ಸಪ್ಪಳ ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಡುಗೆಮನೆಗೆ ಹೋಗಿ ಹಾಳೆಯನ್ನು ಹೆಂಡತಿಯ ಕೈಗೆ ಕೊಟ್ಟೆ. ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಇಷ್ಟ ಏನ್ರಿ? ಸಪ್ಪಳ ಇದ್ರ ನನಗ ನಿದ್ದಿ ಇಲ್ಲ, ಇಲ್ಲಂದ್ರ ನಿಮಗಿಲ್ಲ. ಮೊದಲ ಹೇಳಬಾರದೇನ?”

“ನನಗರ ಎಲ್ಲೆ ಗೊತ್ತಿತ್ತ?” ಅಂದೆ, ಪಿಸುಮಾತಿನಲ್ಲಿ.

ಹೊರಗಿದ್ದ ಅತ್ತೆ ಗಾಬರಿಯಾಗಿ ಬಂದರು. “ಅಳಿಯಾಗ ಆರಾಮ ಇಲ್ಲೇನ? ದನಿನ ಬರವಲ್ದು!” ಎಂದು ಕಷಾಯ ಕುದಿಸಲು ನಿಂತರು. ಆ ಕಹಿಯನ್ನು ನನಗೆ ಕುಡಿಸದೆ ಬಿಡಲಿಲ್ಲ.

ಕೊನೆಗೆ ಶೆಡ್ಡಿನಿಂದ ಎರಡು ಗಲ್ಲಿ ಆಚೆ ಮನೆ ಹಿಡಿದೆವು. ಮುಂದಿನ ಕೋಣೆಗೆ ಮಗ್ಗದ ಸದ್ದು ಹದವಾಗಿ ಬರುತ್ತದೆ, ಅಲ್ಲಿ ನನ್ನ ಹಾಸಿಗೆ. ಹಿಂದಿನ ಕೋಣೆಗೆ ಬರುವುದಿಲ್ಲ, ಅಲ್ಲಿ ಅವಳದು. ಹೋದ ಮೊದಲ ವಾರವೇ ಟಿವಿ ಯಾವ ಕೋಣೆಯಲ್ಲಿಡಬೇಕು ಎಂಬ ವಾದ ಹುಟ್ಟಿತು. ನಾನು ಪೆನ್ನು ಹುಡುಕುತ್ತ ಒಳಗೆ ಹೋದೆ. ಪೆನ್ನು ಅವಳ ಕೈಯಲ್ಲಿತ್ತು. ಹಾಳೆಯ ಒಂದು ಬದಿ ಆಗಲೇ ತುಂಬಿತ್ತು.