ಅತ್ತಿ ಕೂಡ ಆಡಿದ ಟ್ಯಾಂಕಿನ ಆಟ

ಮದುವೆಯಾಗಿ ಸಿಂದಗಿಗೆ ಬಂದ ಹೊಸದರಲ್ಲಿ ಆ ಮನೆಯ ಮಧ್ಯಾಹ್ನಗಳು ನನಗೆ ಬಹಳ ಉದ್ದ ಅನಿಸುತ್ತಿದ್ದವು. ಮಾವನವರದು ಮಾರ್ಕೆಟ್ಟಿನಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ. ತೊಗರಿ ಬರುವ ತಿಂಗಳುಗಳಲ್ಲಿ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಗಂಡ ಇಂಡಿ ಊರಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದರು. ಮುಂಜಾನೆಯ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಮೈದುನ ಧಾರವಾಡದಲ್ಲಿ ಓದುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತಿ ಮತ್ತು ನಾನು.

ಅತ್ತಿ ಸೊಲ್ಲಾಪುರದ ಕಡೆಯವರು. ಕನ್ನಡ ನೆಟ್ಟಗೆ ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಮರಾಠಿ. ನಾನು ನಿಡಗುಂದಿಯವಳು, ಮರಾಠಿ ಬಾರದು. ಹೀಗಾಗಿ ಅವರ ಸಿಟ್ಟು ನನಗೆ ಪೂರ್ತಿ ಮುಟ್ಟುತ್ತಿರಲಿಲ್ಲ. ಅವರು ಕೆಟ್ಟವರೇನಲ್ಲ, ನಾನೂ ಅಲ್ಲ. ಒಬ್ಬರಿಗೊಬ್ಬರು ಹೇಳುವುದಕ್ಕೆ ಏನೂ ಇರಲಿಲ್ಲ, ಅಷ್ಟೇ. ಊಟದ ಪಾತ್ರೆ ತೊಳೆದಾದ ಮೇಲೆ ಅವರು ಪಡಸಾಲೆಯಲ್ಲಿ ಬೇಳೆ ಆರಿಸುತ್ತ ಕೂಡುತ್ತಿದ್ದರು, ನಾನು ಒಳಗೆ ಹೋಗಿ ಮಲಗಿದವರ ಹಾಗೆ ಕಣ್ಣು ಮುಚ್ಚುತ್ತಿದ್ದೆ.

ಮನೆಯಲ್ಲೊಂದು ಟಿವಿ ಗೇಮಿನ ಡಬ್ಬಿ ಇತ್ತು, ಮೈದುನನದು. ಹೈಸ್ಕೂಲಿನಲ್ಲಿದ್ದಾಗ ಹಟ ಮಾಡಿ ತರಿಸಿಕೊಂಡಿದ್ದನಂತೆ. ಬೂದು ಬಣ್ಣದ ಡಬ್ಬಿ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕಪಾಟಿನಲ್ಲಿ ಹಾಸಿಗೆ ಹೊದಿಕೆಗಳ ಹಿಂದೆ ಇತ್ತು. ಒಂದು ದಿನ ಚಾದರ ತೆಗೆಯಲು ಹೋದಾಗ ಕೈಗೆ ಸಿಕ್ಕಿತು. ನಮ್ಮ ತವರಲ್ಲಿ ಅಣ್ಣನಿಗೂ ಇಂಥದೇ ಒಂದಿತ್ತು, ಜೋಡಿಸುವುದು ಗೊತ್ತಿತ್ತು. ತಂದು ಟಿವಿಗೆ ಹಚ್ಚಿದೆ. ಅತ್ತಿ ಮೊರದಿಂದ ತಲೆ ಎತ್ತಿ, "ಅದು ಹುಡುಗರದು" ಅಂದರು. ಬೇಡ ಅನ್ನಲಿಲ್ಲವಲ್ಲ ಎಂದುಕೊಂಡು ಆಡತೊಡಗಿದೆ.

ಅದು ಟ್ಯಾಂಕಿನ ಆಟ. ಪರದೆಯ ಕೆಳಗೆ ನಡುವೆ ಒಂದು ಹಕ್ಕಿ, ಅದರ ಸುತ್ತ ಇಟ್ಟಂಗಿ ಗೋಡೆ. ಮೇಲಿನಿಂದ ವೈರಿಗಳ ಟ್ಯಾಂಕುಗಳು ಬರುತ್ತವೆ. ಅವು ಗೋಡೆ ಒಡೆದು ಹಕ್ಕಿಗೆ ಗುಂಡು ಹೊಡೆದರೆ ಆಟ ಮುಗಿಯಿತು. ಆಡುವವರು ಇಬ್ಬರಿದ್ದರೆ ಒಬ್ಬರಿಗೆ ಹಳದಿ ಟ್ಯಾಂಕು, ಇನ್ನೊಬ್ಬರಿಗೆ ಹಸಿರು. ನಾನು ಒಬ್ಬಳೇ ಆಡುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲೇ ಹಕ್ಕಿ ಹೋಯಿತು.

"ಹಿಂದ ಯಾರೂ ಇಲ್ಲಲ್ಲ, ಹೋಗದ ಏನಾಗ್ತೈತಿ?" ಎಂದರು ಅತ್ತಿ. ನೋಡುತ್ತಿದ್ದಾರೆಂದು ನನಗೆ ತಿಳಿದೇ ಇರಲಿಲ್ಲ.

"ಇನ್ನೊಂದು ರಿಮೋಟು ಐತ್ರಿ" ಅಂದೆ.

ಅವರು ಮೊರ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು.

ಮೊದಲ ಕೆಲವು ದಿನ ಅವರ ಟ್ಯಾಂಕು ಗೋಡೆಗೆ ಮೂತಿ ಹಚ್ಚಿಕೊಂಡು ನಿಂತೇ ಇರುತ್ತಿತ್ತು. ಬಲಕ್ಕೆ ಹೋಗಬೇಕಾದರೆ ಕೂತಲ್ಲೇ ತಾವೂ ಬಲಕ್ಕೆ ವಾಲುತ್ತಿದ್ದರು. ಒಮ್ಮೆ ನಮ್ಮ ಹಕ್ಕಿಯನ್ನು ತಾವೇ ಹೊಡೆದು, ನನ್ನತ್ತ ತಿರುಗಿ ಮರಾಠಿಯಲ್ಲಿ ಏನೋ ಅಂದರು. ಆಮೇಲೆ ಅವರ ಕೈ ಪಳಗಿತು. ನನ್ನನ್ನು ಮೇಲೆ ಕಳಿಸಿ ತಾವು ಗೋಡೆಯ ಹತ್ತಿರವೇ ತಿರುಗುತ್ತಿದ್ದರು. ಆ ಆಟದಲ್ಲಿ ಜೊತೆಗಾರರಿಗೆ ಗುಂಡು ಬಡಿದರೆ ಅವರ ಟ್ಯಾಂಕು ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ಮುಂಜಾನೆ ಸಾರಿಗೆ ಉಪ್ಪು ಹೆಚ್ಚಾದ ದಿನ ನನಗೆ ಒಂದೆರಡು ಗುಂಡು ಹೆಚ್ಚಿಗೆ ಬೀಳುತ್ತಿದ್ದವು. ಕೇಳಿದರೆ, "ಕೈ ಜಾರಿತವಾ" ಎನ್ನುವರು. ನನ್ನ ಕೈಯೂ ಆಗಾಗ ಜಾರುತ್ತಿತ್ತು.

ಮಾತು ಶುರುವಾದದ್ದು ಹಾಗೆ. ಆಡುವಾಗ ಇಬ್ಬರೂ ಪರದೆ ನೋಡುತ್ತಿರುತ್ತೇವೆ, ಮುಖ ನೋಡುವ ಪ್ರಸಂಗವಿಲ್ಲ. ಅವರು ಎಂಟನೇ ಇಯತ್ತೆಯಲ್ಲಿ ಸಾಲಿ ಬಿಟ್ಟದ್ದು, ಖೋಖೋ ಆಡುತ್ತಿದ್ದದ್ದು, ಮದುವೆಯಾದ ಮೇಲೆ ಕನ್ನಡ ಕಲಿತದ್ದು, ಅವರ ನಾದಿನಿ ಅವರ ಮಾತಿಗೆ ನಗುತ್ತಿದ್ದದ್ದು, ಎಲ್ಲ ನನಗೆ ಗೊತ್ತಾದದ್ದು ಗುಂಡಿನ ಸದ್ದಿನ ನಡುವೆ. ಕರೆಂಟು ಹೋದರೆ ಮಾತೂ ನಿಲ್ಲುತ್ತಿತ್ತು. ಬರುವ ತನಕ ಇಬ್ಬರೂ ರಿಮೋಟು ಹಿಡಿದುಕೊಂಡು ಸುಮ್ಮನೆ ಕೂಡುತ್ತಿದ್ದೆವು.

ಒಂದು ದಿನ ಮಾವನವರು ಮೋರಟಗಿಯ ಒಬ್ಬ ರೈತರನ್ನು ಕರೆದುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಬಂದರು. ನಾನು ಗಡಬಡಿಸಿ ಎದ್ದೆ. ಅತ್ತಿ ಏಳಲಿಲ್ಲ.

"ಒಂದ ನಿಮಿಷ ಕೂಡ್ರಿ, ಇದೊಂದು ಮುಗೀಲಿ" ಅಂದರು, ಪರದೆಯಿಂದ ಕಣ್ಣು ಕೀಳದೆ. ಆಮೇಲೆ ನನಗೆ, "ನೀ ಎಲ್ಲಿಗಿ ಎದ್ದಿ? ಎಡಕಿನಿಂದ ಬರಾಕತ್ತಾವ ನೋಡು."

ಮಾವನವರು ಬಾಗಿಲಲ್ಲೇ ನಿಂತರು. ಆ ರೈತರು ಮಾತ್ರ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು, ಬಹಳ ಲಕ್ಷ್ಯದಿಂದ ನೋಡಿದರು. ಆಟ ಮುಗಿದ ಮೇಲೆ, "ಗೆದ್ರೇನ್ರಿ?" ಎಂದು ಕೇಳಿದರು. "ಗೆದ್ವಿ" ಎಂದು ಹೇಳಿ ಅತ್ತಿ ಚಹಾಕ್ಕೆ ಇಡಲು ಒಳಗೆ ಹೋದರು.

ಡಬ್ಬಿ ಸುಟ್ಟದ್ದು ಬೇಸಿಗೆಯಲ್ಲಿ. ಹೋದ ಕರೆಂಟು ಒಮ್ಮೆಲೇ ಜೋರಾಗಿ ಬಂತು. ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು, ಟಿವಿ ಉಳಿಯಿತು, ಡಬ್ಬಿಯಿಂದ ಸುಟ್ಟ ವಾಸನೆ ಬಂತು. ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿಯವನು ಬಿಚ್ಚಿ ನೋಡಿ, "ಒಳಗಿಂದೆಲ್ಲ ಹೋಗೈತ್ರಿ. ಈ ಮಾಲು ಈಗ ಬರೋದ ಬಂದ್ ಆಗೈತಿ. ಈಗೇನಿದ್ರೂ ಸೀಡಿ ಹಾಕಿ ಆಡೋ ಗೇಮು" ಎಂದ. ಅತ್ತಿ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು.

ಮುಂದಿನ ತಿಂಗಳು ತವರಲ್ಲಿ ಅಣ್ಣನ ಮಗುವಿಗೆ ತೊಟ್ಟಿಲು ಕಾರ್ಯವಿತ್ತು. ಅಣ್ಣನ ಡಬ್ಬಿಯನ್ನು ಎಂದೋ ಯಾರಿಗೋ ಕೊಟ್ಟಾಗಿತ್ತು. ಅತ್ತಿ ತಾವೂ ಬರುತ್ತೇನೆಂದರು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕು. ಇಳಿದವರೇ, "ಇಲ್ಲಿ ಟಿವಿ ಅಂಗಡಿ ಎಲ್ಲ್ಯಾವ?" ಎಂದರು. ಅವರು ಬಂದ ಕಾರಣ ನನಗೆ ಆಗ ಹೊಳೆಯಿತು. ಬಾಗೇವಾಡಿಯ ಅಂಗಡಿಗಳಲ್ಲಿ ಇಲ್ಲ ಅಂದರು. ಕಾರ್ಯ ಮುಗಿದ ಮರುದಿನ ಮುದ್ದೇಬಿಹಾಳಕ್ಕೆ ಹೋದೆವು. ಅಲ್ಲಿ ಹಿಂದೆ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದ ಒಂದು ಅಂಗಡಿಯಿತ್ತು. ಅಂಗಡಿಯವರು ವಯಸ್ಸಾದವರು.

"ಒಂದು ಹಳೇದು ಇರಬೇಕ್ರಿ. ಮೊಮ್ಮಗಗ ಏನ್ರಿ?" ಎಂದು ಕೇಳಿದರು.

"ಅಲ್ಲ, ನನಗ" ಅಂದರು ಅತ್ತಿ.

ಅಂಗಡಿಯವರು ನಗಲಿಲ್ಲ. ಅಟ್ಟದಿಂದ ಡಬ್ಬಿ ಇಳಿಸಿ, ಧೂಳು ಒರೆಸಿ, ಅಂಗಡಿಯ ಟಿವಿಗೇ ಹಚ್ಚಿಕೊಟ್ಟರು. ನಮ್ಮ ಹಳದಿ ಕ್ಯಾಸೆಟ್ಟನ್ನು ಅತ್ತಿ ಚೀಲದಲ್ಲಿ ತಂದೇ ಇದ್ದರು. ಸೆರಗಿನ ತುದಿಯಿಂದ ಒರೆಸಿ ಹಾಕಿದರು. ಅದೇ ಸಂಗೀತ, ಅದೇ ಗೋಡೆ. ಅತ್ತಿ ಸ್ಟೂಲಿನ ಮೇಲೆ ಕೂತು ಮೊದಲ ರಿಮೋಟು ತಗೊಂಡರು, ನಾನು ನಿಂತುಕೊಂಡೇ ಎರಡನೆಯದು. ನನ್ನ ಹಸಿರು ಟ್ಯಾಂಕು ಅಲುಗಲಿಲ್ಲ. ತಂತಿ ತಿರುವಿ ನೋಡಿದೆವು, ಕಿತ್ತು ಮತ್ತೆ ಹಾಕಿದೆವು. ಅತ್ತಿಯ ರಿಮೋಟನ್ನು ಅಲ್ಲಿಗೆ ಹಚ್ಚಿದರೂ ಇಲ್ಲ. ಡಬ್ಬಿಯಲ್ಲೇ ಆ ಕಡೆಯ ಜಾಗ ಸತ್ತಿತ್ತು. ಅಷ್ಟರಲ್ಲಿ ವೈರಿ ಟ್ಯಾಂಕುಗಳು ಬಂದು ನಿಂತಲ್ಲೇ ನನ್ನನ್ನು ಹೊಡೆದು ಹಾಕಿದವು.

"ಒಬ್ರ ಆಡಬಹುದು ನೋಡ್ರಿ, ಅದಕ್ಕೇನೂ ತ್ರಾಸಿಲ್ಲ. ಒಯ್ರಿ" ಎಂದರು ಅಂಗಡಿಯವರು.

ಅತ್ತಿ ಆ ಪಾಳಿಯನ್ನು ಒಬ್ಬರೇ ಆಡಿದರು, ಚೆನ್ನಾಗಿಯೇ ಆಡಿದರು. ಮುಗಿದ ಮೇಲೆ ರಿಮೋಟನ್ನು ಡಬ್ಬಿಯ ಮೇಲೆ ನೆಟ್ಟಗೆ ಇಟ್ಟು ಎದ್ದರು.

"ಬ್ಯಾಡ್ರಿ. ಒಬ್ಬಾಕಿ ಆಡಿ ಏನ್ ಮಾಡ್ಲಿ?"

ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದೆವು. ಖಾರ ಹೆಚ್ಚಾಗಿ ಅವರ ಕಣ್ಣಲ್ಲಿ ನೀರು ಬಂತು, ನಾನು ಚಹಾ ತಂದುಕೊಟ್ಟೆ. ಊರಿಗೆ ಬರುವ ತನಕ ಡಬ್ಬಿಯ ಮಾತು ಬರಲಿಲ್ಲ. ನಮ್ಮ ಅಣ್ಣನ ಮಗುವಿನ ಮೂಗು ಯಾರ ಹಾಗಿದೆ ಎಂಬುದರ ಬಗ್ಗೆ ಮಾತ್ರ ಅವರು ಬಹಳ ಹೊತ್ತು ಮಾತಾಡಿದರು. ಈ ಸಲ ನೋಡುವುದಕ್ಕೆ ಪರದೆ ಇರಲಿಲ್ಲ. ಮುಖ ನೋಡಿಕೊಂಡೇ ಮಾತಾಡಿದರು.

ಆ ಜೂನಿನಲ್ಲಿ ನನಗೆ ಒಂದು ಸಾಲಿಯಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನ ಮನೆಯಲ್ಲಿರುವುದು ತಪ್ಪಿತು. ಮೈದುನ ರಜೆಗೆ ಬಂದಾಗ ಸೀಡಿಯ ಆಟವೊಂದನ್ನು ತಂದಿದ್ದ. ಅತ್ತಿ ಒಂದು ಸಲ ನೋಡಿ, ಬಣ್ಣ ಬಹಳ ಐತಿ ಎಂದು ಎದ್ದು ಹೋದರು. ಸುಟ್ಟ ಡಬ್ಬಿ ಕಪಾಟಿನಲ್ಲಿ ಇನ್ನೂ ಕೆಲವು ವರ್ಷ ಇತ್ತು. ಮನೆಗೆ ಸುಣ್ಣ ಹಚ್ಚುವಾಗ ಹೊರಗೆ ಬಂತು. ಮೈದುನ, ಬಿಡಿ ಭಾಗಕ್ಕಾದರೂ ಆಗುತ್ತದೆ, ರಿಪೇರಿಯವನಿಗೆ ಕೊಡಲೇ ಎಂದು ಕೇಳಿದ. ಅತ್ತಿ ಮಾಳಿಗೆಯ ಮೇಲೆ ಚಾದರ ಹಾಸಿ ಹಪ್ಪಳ ಒಣಹಾಕುತ್ತಿದ್ದರು. "ಕೊಡು" ಅಂದರು. ಆಮೇಲೆ ನನ್ನನ್ನು ಕರೆದು, ಗಾಳಿ ಬಿಟ್ಟೈತಿ, ಚಾದರದ ಆ ತುದಿಗೆ ಒಂದು ಕಲ್ಲು ಇಡು ಅಂದರು.