"ಬೀನಟ್" ಎಂಬ ಪದದ ಬಗ್ಗೆ ನಾನು ಕೊಟ್ಟ ತೀರ್ಪು

ಮಿತ್ರರೇ, ತಮ್ಮೆಲ್ಲರ ಅವಗಾಹನೆಗೆ ತರಬಯಸುವುದೇನೆಂದರೆ, ಈ ದಿನ ಬೆಳಿಗ್ಗೆ ಕೊಂಢವಾ ಬಡಾವಣೆಯ ಶೆಟ್ಟರ ಹೋಟೆಲಿನಲ್ಲಿ ನನ್ನ ಇಂಗ್ಲಿಷ್ ಸೋತಿತು.

ಯೆಮೆನ್ ದೇಶದ ತಾಯಿಯೊಬ್ಬರು ತಮ್ಮ ಪುಟ್ಟ ಮಗಳನ್ನು ತೋರಿಸಿ, "ನೋ ಬೀನಟ್, ಹಾಸ್ಬಿಟಲ್" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಶೆಟ್ಟರು ನನ್ನತ್ತ ತಿರುಗಿ, "ರಾಯರೇ, ಅವರು ಎಂತ ಹೇಳುವುದು ಮಾರಾಯ್ರೆ?" ಎಂದರು. ಮೂವತ್ತು ವರ್ಷ ಇಂಗ್ಲಿಷ್ ಅರ್ಜಿಗಳನ್ನು ಅಕ್ಷರ ತಪ್ಪದೆ ನಕಲು ಮಾಡಿದವನು ನಾನು. "ಕೂಸಿಗೆ ಬೀನ್ಸ್ ಆಗಂಗಿಲ್ಲಂತ್ರಿ. ಸಾಬೂದಾಣಿ ಖಿಚಡಿ ಕೊಡ್ರಿ" ಎಂದು ತೀರ್ಪಿತ್ತೆ.

ಮಗು ಚಮಚ ಎತ್ತುವಷ್ಟರಲ್ಲಿ, ಮೇಜು ಒರೆಸುತ್ತಿದ್ದ ವಿಜಯಪುರದ ಶರಣವ್ವ ತಟ್ಟೆಯನ್ನೇ ಎಳೆದುಕೊಂಡಳು.

"ಬೀನ್ಸ್ ಅಲ್ರಿ ಅಜ್ಜಾರ, ಪೀನಟ್, ಶೇಂಗಾ. ನಾ ಭಾಂಡೆ ತಿಕ್ಕೋ ಮನಿಯವ್ರೂ ಆ ದೇಶದವ್ರ. ಅವ್ರ ಬಾಯಾಗ ಪ ಹೊಳ್ಳಂಗಿಲ್ಲ, ಪಾರ್ಕಿಂಗಿಗೂ ಬಾರ್ಕಿಂಗ್ ಅಂತಾರ. ಈ ಖಿಚಡ್ಯಾಗ ಶೇಂಗಾಪುಡಿ ಭಾಳ ಅದ."

ಅಷ್ಟಕ್ಕೇ ನಿಲ್ಲಿಸದೆ, ಅಡುಗೆಮನೆಯಿಂದ ಒಂದು ಶೇಂಗಾಕಾಳು ತಂದು ಅಂಗೈಯಲ್ಲಿಟ್ಟು ತೋರಿಸಿದಳು. ಆ ತಾಯಿ ಗಾಬರಿಯಿಂದ ಮಗುವನ್ನು ಅಪ್ಪಿಕೊಂಡು, ನಂತರ ಶರಣವ್ವನ ಕೈ ಹಿಡಿದುಕೊಂಡರು. ಶಾಲೆಯನ್ನೇ ಕಾಣದ ಈ ಹೆಣ್ಣುಮಗಳ ಕಿವಿಯ ವಿದ್ವತ್ತಿಗೆ ನಾನು ಮನಃಪೂರ್ವಕವಾಗಿ ತಲೆಬಾಗಿದ್ದೇನೆ.

ಮಗು ಇಡ್ಲಿ ತಿಂದಿತು. ಹೊರಡುವಾಗ ತಾಯಿ ನನ್ನನ್ನೇ ನೋಡುತ್ತ ತಮ್ಮ ಮುರುಕು ಇಂಗ್ಲಿಷಿನಲ್ಲಿ ಏನೋ ದೀರ್ಘವಾಗಿ ಹೇಳಿದರು. ನಾನು ಶರಣವ್ವನನ್ನು ಅರ್ಥ ಕೇಳಿದೆ.

"ನಿಮಗೂ ಥ್ಯಾಂಕ್ಸ್ ಅಂದ್ರರೀ, ಅಜ್ಜಾರ" ಎಂದಳು.

ಅದು ಅನುವಾದವೋ ದಾಕ್ಷಿಣ್ಯವೋ ಎಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.