ದಕ್ಷಿಣಕ್ಕೆ ಜೇಬು

ತಾಲ್ಲೂಕು ಕಚೇರಿಯಲ್ಲಿ ಕೂತು ಮೂವತ್ತು ವರ್ಷ ಕಂಡವರ ಜಮೀನಿನ ಚಕ್ಕುಬಂದಿ ಬರೆದವನು ನಾನು. ನಿವೃತ್ತಿಯಾದ ಮೇಲೆ ನನ್ನ ಎದೆಯಲ್ಲೇ ಒಂದು ಸಣ್ಣ ಹಿಡುವಳಿ ಮಂಜೂರಾಯಿತು: ಎಡ ಹೆಗಲ ಕೆಳಗೆ, ಚರ್ಮದಡಿಯಲ್ಲಿ, ಬೆಂಕಿಪೊಟ್ಟಣದಷ್ಟಗಲದ ಒಂದು ಪೇಸ್‌ಮೇಕರ್. ಪೂರ್ವಕ್ಕೆ ಎಡತೋಳು, ಪಶ್ಚಿಮಕ್ಕೆ ಎದೆಮೂಳೆ, ಉತ್ತರಕ್ಕೆ ಹೆಗಲ ಮೂಳೆ, ದಕ್ಷಿಣಕ್ಕೆ ಅಂಗಿಯ ಜೇಬು. ತೀರಾ ಇಳಿದುಹೋಗಿದ್ದ ನನ್ನ ನಾಡಿಯನ್ನು ಅದು ಅರವತ್ತಕ್ಕೆ ಏರಿಸಿ ಕಾಯುತ್ತಿತ್ತು. ಅದು ರಜೆ ಹಾಕಿದರೆ ನನಗೂ ರಜೆ, ಕಾಯಂ.

ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ದರು. ಮೊಬೈಲನ್ನು ಎದೆಯ ಮೇಲೆ ಇಡಬೇಡಿ, ಇಂಡಕ್ಷನ್ ಒಲೆಯ ಮೇಲೆ ಬಗ್ಗಬೇಡಿ, ಹೀಗೆ ನಾಲ್ಕಾರು ಮಾತು. ಮಿಕ್ಕದ್ದನ್ನೆಲ್ಲ ನನ್ನ ಭಯವೇ ಸೇರಿಸಿಕೊಂಡಿತು. ನಂಜನಗೂಡಿನ ನಮ್ಮ ಮನೆಯಲ್ಲಿ ಮಿಕ್ಸಿ ತಿರುಗಿದರೆ ನಾನು ಬೀದಿಯಲ್ಲಿರುತ್ತಿದ್ದೆ.

"ಚಟ್ನಿ ಆಯ್ತು, ಒಳಕ್ ಬನ್ನಿ," ಎಂದು ಹೆಂಡತಿ ಬಾಗಿಲಿಗೆ ಬಂದು ಕೂಗುತ್ತಿದ್ದಳು. "ಯುದ್ಧ ಮುಗೀತು."

ಅಂಗಿಯ ಜೇಬು ಎಡಗಡೆಗೇ ಇರುತ್ತದೆ. ಕೈ ಮೊಬೈಲನ್ನು ತಾನಾಗಿ ಅಲ್ಲಿಗೇ ಒಯ್ಯುತ್ತದೆ. ಹಾಗಾಗಿ ತಿ. ನರಸೀಪುರಕ್ಕೆ ಹೋದೆ. ಅಲ್ಲಿ ನೌಕರಿಯಲ್ಲಿದ್ದ ಕಾಲದಿಂದಲೂ ನನ್ನ ಅಂಗಿ ಹೊಲಿಯುವ ದರ್ಜಿಗೆ ಜೇಬು ಬಲಗಡೆ ಇಡಲು ಹೇಳಿದೆ.

"ಬಲಗಡೀಕಾ? ನೋಡ್ದೋರು ನನಗೇ ಕಣ್ ಓಗದೆ ಅಂತಾರೆ ಸಾ."

ವಿಷಯದ ಗಾಂಭೀರ್ಯ ಅವನಿಗೆ ತಿಳಿಯಲೆಂದು, ಇಂಗ್ಲಿಷಿನ ಚೀಟಿಯನ್ನು ಅಚ್ಚುಕಟ್ಟಾದ ಕನ್ನಡಕ್ಕೆ ತಂದು ಓದಿದೆ: "ಅಯಸ್ಕಾಂತವನ್ನು ಯಂತ್ರದ ಸಮೀಪ ಸುಳಿಯಗೊಡಬಾರದು." ದರ್ಜಿ ಪುರಾಣ ಕೇಳುವವನಂತೆ ತಲೆಯಾಡಿಸಿದ. ದಾರಿಯಲ್ಲಿ ನಾನು ಬಿದ್ದರೆ ಗುರುತಿಗಿರಲೆಂದು ಆಸ್ಪತ್ರೆಯ ಕಾರ್ಡು ಸದಾ ಮೈಮೇಲೆ ಇರಬೇಕು ಎಂದೂ ಹೇಳಿದೆ.

ವಾರ ಬಿಟ್ಟು ಹೋದಾಗ ಅಂಗಿ ಸಿದ್ಧವಾಗಿತ್ತು. "ಕಾರ್ಡ್‌ಗೆ ಅಂತ ಎಡಗಡೆ ಒಳಗೊಂದು ಕಳ್ಳಜೇಬು ಮಡ್ಗಿವ್ನಿ ಸಾ. ಮುಚ್ಚುದ್ರೆ ಅದೇ ಕಚ್ಕತದೆ." ಟಕ್ ಎಂದು ಮುಚ್ಚಿಕೊಂಡಿತು. ಟಿಚ್‌ಬಟನ್ ಇರಬೇಕೆಂದು ಮೆಚ್ಚಿ, ಅಲ್ಲೇ ತೊಟ್ಟು, ಕಾರ್ಡನ್ನು ಅದರೊಳಗಿಟ್ಟು ಬಸ್ಸು ಹತ್ತಿದೆ.

ಬಸ್ಸು ಊರು ಬಿಡುವ ಮೊದಲೇ ಎದೆ ಹೊಡೆದುಕೊಳ್ಳತೊಡಗಿತು. ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಎಣಿಸಿದೆ. ನೂರು. ಮತ್ತೆ ಎಣಿಸಿದೆ. ನೂರು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗಾಬರಿ ಬಿದ್ದವನ ಎದೆ ಇಷ್ಟು ಶಿಸ್ತಿನಿಂದ ಹೊಡೆಯುವುದಿಲ್ಲ. ಇದು ನನ್ನ ಎದೆಯಲ್ಲ, ಯಾರೋ ಹೊರಗಿನವರು ಒಳಹೊಕ್ಕು ಬಡಿಯುತ್ತಿದ್ದಾರೆ ಅನ್ನಿಸಿತು. ಪಕ್ಕದವನ ಕೈಯಲ್ಲಿ ಮೊಬೈಲಿತ್ತು. ಎದ್ದು ಬೇರೆ ಸೀಟಿಗೆ ಹೋದೆ. ಅಲ್ಲಿಗೆ ಕಂಡಕ್ಟರು ಟಿಕೆಟ್ ಮಿಷನ್ ಹಿಡಿದು ನನ್ನ ಮೇಲೆ ಬಗ್ಗಿದ. ಕಿಟಕಿಗೆ ಅಂಟಿಕೊಂಡೆ.

"ಯಾಕ್ ಯಜಮಾನ್ರೇ, ಟಿಕೆಟ್ ಬ್ಯಾಡ್ವಾ? ಮಿಷನ್ ಕಚ್ಚಕಿಲ್ಲ ಕಣ್ರೀ!"

ಬಸ್ಸೆಲ್ಲ ನಕ್ಕಿತು. ನಾನು ಎಣಿಸುತ್ತಲೇ ಇದ್ದೆ. ನಂಜನಗೂಡಿನ ಸೇತುವೆ ಬರುವಷ್ಟರಲ್ಲಿ ನಾನಿಲ್ಲದ ಮನೆ, ಬಾಗಿಲಲ್ಲಿ ನಿಂತು ಯಾರನ್ನೂ ಕೂಗದ ಹೆಂಡತಿ, ಎಲ್ಲ ಕಣ್ಣಿಗೆ ಕಟ್ಟಿತು. ಕಾರ್ಡು ಜೇಬಿನಲ್ಲಿ ಭದ್ರವಾಗಿದೆಯೇ ಎಂದು ಎದೆ ಒತ್ತಿ ನೋಡಿಕೊಂಡೆ. ಭದ್ರವಾಗಿತ್ತು.

ಮನೆ ತಲುಪಿ ಕುರ್ಚಿಯಲ್ಲಿ ಕುಸಿದೆ. "ಏನ್ರೀ ಇದು, ಇಂಗ್ ಬೆವ್ತೋಗಿದ್ದೀರಲ್ಲ!" ಎನ್ನುತ್ತ ಹೆಂಡತಿ ನನ್ನ ಗುಂಡಿ ಬಿಚ್ಚಲು ಬಗ್ಗಿದಳು. ಅವಳ ಬಳೆಯಲ್ಲಿ ಸದಾ ತೂಗುವ ಪಿನ್ನುಗಳ ಗೊಂಚಲು ನನ್ನ ಎದೆಗೆ ಹಾರಿ ಅಂಟಿಕೊಂಡಿತು. ಅವಳು ಕೈ ಎಳೆದಳು. ಬಿಡಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಬಿಚ್ಚು," ಎಂದೆ. ಅವಳೇ ಅಂಗಿ ಕಿತ್ತು ಅಂಗಳಕ್ಕೆ ಎಸೆದಳು. ಎಣಿಸಿದೆ. ಅರವತ್ತೆರಡು.

ಡಾಕ್ಟರು ಫೋನಿನಲ್ಲೇ ಸಮಾಧಾನ ಹೇಳಿದರು: ಅಯಸ್ಕಾಂತ ಹತ್ತಿರ ಬಂದರೆ ಆ ಯಂತ್ರ ಎದೆಯ ಮಾತು ಕೇಳದೆ ತನ್ನದೇ ಲೆಕ್ಕದಲ್ಲಿ ಹೊಡೆಯುತ್ತದೆ, ದೂರ ಸರಿದರೆ ಸರಿಹೋಗುತ್ತದೆ. ಮಾರನೆಯ ದಿನ ಪರೀಕ್ಷಿಸಿ ಸರಿಯಾಗಿದೆ ಎಂದರು. ನೂರಕ್ಕೆ ನೂರು ಹೊಡೆಸಿಕೊಂಡವನಿಗೆ ಆ ಮಾತು ಸುಲಭಕ್ಕೆ ಇಳಿಯಲಿಲ್ಲ.

ಅಂಗಿಯನ್ನು ಚೀಲದಲ್ಲಿ ಹಾಕಿ, ಚೀಲವನ್ನು ಹಾವು ಹಿಡಿದಂತೆ ದೂರ ಹಿಡಿದು, ದರ್ಜಿಯ ಹತ್ತಿರ ಹೋದೆ.

"ಅಯಸ್ಕಾಂತ ಬೇಡ ಅಂತ ಓದಿ ಹೇಳಿರಲಿಲ್ಲವೇನಯ್ಯ?"

"ಏಳಿದ್ರಿ ಸಾ. ನಿಮ್ಗಾಗ್ದೋನು ಯಾವನೋ ಕಾಂತ ಇರ್ಬೇಕು, ಅವನ್ನ ಅತ್ರುಕ್ ಸೇರಿಸ್ಬಾರ್ದು ಅಂದ್ಕಂಡೆ. ಇದು ಎಂಗುಸ್ರು ಬ್ಯಾಗಿನ ಸೂಜಿಗಲ್ಲು ಗುಂಡಿ ಕನ ಸಾ."

ಸೂಜಿಗಲ್ಲು. ಆ ಒಂದು ಮಾತು ನನ್ನ ಬಾಯಿಗೆ ಬಂದಿದ್ದರೆ ಸಾಕಿತ್ತು.

ಅಯಸ್ಕಾಂತವೆಂದರೆ ಅದೇ, ಬಸ್ಸಿನಲ್ಲಿ ನನ್ನ ನಾಡಿಯನ್ನು ನೂರಕ್ಕೆ ಏರಿಸಿದ್ದೂ ಅದೇ ಎಂದೆ. ಅವನ ಮುಖ ಬಿಳಿಚಿಕೊಂಡಿತು. ನಮ್ಮಿಬ್ಬರ ನಡುವೆ ಮೇಜಿನ ಮೇಲೆ, ಬಿದ್ದ ಸೂಜಿಗಳನ್ನು ಎತ್ತಲು ಅವನಿಟ್ಟುಕೊಂಡಿದ್ದ ದೊಡ್ಡ ಸೂಜಿಗಲ್ಲು ಇತ್ತು. ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡು ರಸ್ತೆ ದಾಟಿ ಟೀ ಅಂಗಡಿಗೆ ಓಡಿದ. ಓಡುವ ರಭಸಕ್ಕೆ ಸೂಜಿಯ ಡಬ್ಬಿ ಉರುಳಿತು. ಹಿಂದಿರುಗಿ ನೆಲದ ಮೇಲೆ ಕೂತು ಕಳ್ಳಜೇಬಿನ ಗುಂಡಿ ಕಿತ್ತು, ಅಲ್ಲಿಗೆ ಕಾಜ ಮಾಡಿ ಮಾಮೂಲಿ ಗುಂಡಿ ಹೊಲಿದ. ಆಮೇಲೆ ಒಂದೊಂದೇ ಸೂಜಿಯನ್ನು ಬೆರಳಿನಲ್ಲಿ ಆರಿಸತೊಡಗಿದ.

ನಾನು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡು ಕೂತಿದ್ದೆ.

"ಎಷ್ಟದೆ ಸಾ?" ಎಂದ, ತಲೆ ಎತ್ತದೆ.